ಕಣ್ಣಿನ ರಕ್ತನಾಳಗಳೂ ಓರೆಯ ಹಾಸಿಗೆಯೂ

ಮೈಯನ್ನು ಕೊಯ್ಯದೆ, ಬದುಕಿರುವ ಮನುಷ್ಯನ ರಕ್ತನಾಳಗಳನ್ನು ಸ್ಪಷ್ಟವಾಗಿ ಕಾಣಬಹುದಾದ ತಾಣಗಳಲ್ಲಿ ಕಣ್ಣಿನ ಹಿಂಗೋಡೆಗೆ ಮೊದಲ ಮರ್ಯಾದೆ ಸಲ್ಲಬೇಕು. ಆದರೆ ಪಾಪೆಯ ಕಪ್ಪು ಬಾಗಿಲು ಬಹುಕಾಲ ವೈದ್ಯರಿಗೆ ತೆರೆಯಲಿಲ್ಲ. ನೋಡುವವನ ದೃಷ್ಟಿಯೂ ಬೆಳಕೂ ಒಂದೇ ದಾರಿಯಲ್ಲಿ ಒಳಹೋದರೆ ಆ ಗೋಡೆ ಕಾಣುವುದೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಉಪಕರಣವೊಂದನ್ನು ರಚಿಸಿ, 1851ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಕೆಂಪು ನೆಲದ ಮೇಲೆ ಬೇರುಗಳಂತೆ ಕವಲೊಡೆದ ನಾಳಗಳು ಅಂದಿನಿಂದ ವೈದ್ಯರ ಕಣ್ಣಿಗೆ ಬಿದ್ದವು.

ಹಾಸಿಗೆಯ ವಿಚಾರಕ್ಕೆ ಬರೋಣ. ಅಂದಿನ ವೈದ್ಯರಿಗೆ ವಿಶ್ರಾಂತಿಯೆಂದರೆ ಸರ್ವರೋಗಕ್ಕೂ ಮದ್ದು. ಕಣ್ಣಿನ ಪೊರೆ ತೆಗೆದ ಮೇಲಂತೂ ರೋಗಿಯ ತಲೆ ಅಲುಗದಂತೆ ಎರಡು ಪಕ್ಕಕ್ಕೂ ಮರಳುಚೀಲವಿಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು. 1947ರಲ್ಲಿ ರಿಚರ್ಡ್ ಆಷರ್ ಎಂಬ ಆಂಗ್ಲ ವೈದ್ಯನು, ಹಾಸಿಗೆಯೇ ಅಪಾಯಗಳ ತವರೆಂದು ಲೇಖನ ಬರೆದು ಈ ನಂಬಿಕೆಯನ್ನು ಕುಲುಕಿದನು.

ಆದರೆ ಮಲಗಿದವನ ಕಣ್ಣಿಗೆ ಏನಾಗುತ್ತದೆಂಬ ಪ್ರಶ್ನೆಗೆ ಒತ್ತು ಬಂದದ್ದು, ವಿಚಿತ್ರವೆಂದರೆ, ಆಕಾಶದಿಂದ! ನಾವು ನಿಂತಾಗ ಭೂಮಿಯ ಸೆಳೆತ ರಕ್ತವನ್ನು ಕಾಲಿನತ್ತ ಎಳೆಯುತ್ತದೆ. ಬಾಹ್ಯಾಕಾಶದಲ್ಲಿ ತೇಲುವವನಿಗೆ ಆ ಎಳೆತದ ಅನುಭವವಿಲ್ಲ. ಮುಖ ಊದುತ್ತದೆ, ಕಾಲು ಸೊರಗುತ್ತದೆ. ಇದನ್ನು ನೆಲದ ಮೇಲೆ ಅನುಕರಿಸಲು ರಷ್ಯದ ವೈದ್ಯರು 1970ರ ದಶಕದಲ್ಲಿ ಸುಲಭೋಪಾಯ ಕಂಡರು: ಮಂಚದ ಕಾಲುದೆಸೆಯನ್ನು ತುಸು ಎತ್ತುವುದು. ತಲೆ 6 ಡಿಗ್ರಿ ತಗ್ಗಿದ ಆ ಓರೆಯ ಹಾಸಿಗೆಯೇ ಮುಂದೆ ಎಲ್ಲೆಡೆ ಮಾದರಿಯಾಯಿತು.

ನಮ್ಮಲ್ಲಿ ಕಾಯಿಲೆಯವನನ್ನು ‘ಹಾಸಿಗೆ ಹಿಡಿದ’ ಎನ್ನುತ್ತೇವೆ. ವ್ಯಾಕರಣದಂತೆ ಹಿಡಿದವನು ಅವನು. ನಿಜದಲ್ಲಿ ಹಿಡಿದದ್ದು ಹಾಸಿಗೆ. ಈ ಪ್ರಯೋಗಗಳಲ್ಲಿ ಮಾತ್ರ ವ್ಯಾಕರಣವೇ ಗೆದ್ದಿತೆನ್ನಬೇಕು. ಗಟ್ಟಿಮುಟ್ಟಾದವರು ತಾವಾಗಿಯೇ ಬಂದು ಹಾಸಿಗೆ ಹಿಡಿದರು.

2011ರಲ್ಲಿ ಅಮೆರಿಕದ ವೈದ್ಯರು ಆರಾರು ತಿಂಗಳು ಅಂತರಿಕ್ಷದಲ್ಲಿದ್ದು ಬಂದ 7 ಮಂದಿಯ ಕಣ್ಣಿನ ವರದಿಯನ್ನು ಪ್ರಕಟಿಸಿದರು. ಅವರಲ್ಲಿ 5 ಮಂದಿಗೆ, ದೃಷ್ಟಿನರವು ಕಣ್ಣಿಗೆ ಕೂಡುವ ದುಂಡನೆಯ ಬಿಲ್ಲೆ ಬಾತುಕೊಂಡಿತ್ತು. ನೋಟದ ಸುದ್ದಿಯೆಲ್ಲ ಮಿದುಳಿಗೆ ಸಾಗುವುದು ಆ ಬಿಲ್ಲೆಯ ಮೂಲಕವೇ. ಬಾವು ಬಹುಕಾಲ ನಿಂತರೆ ನರಕ್ಕೆ ಕೇಡು ತಪ್ಪದು. ಹಾಗಾದರೆ ಓರೆಯ ಹಾಸಿಗೆಯಲ್ಲಿ ಇದೇಕೆ ಕಂಡಿರಲಿಲ್ಲ?

ಉತ್ತರದ ಒಂದು ಪಾಲು ತಲೆದಿಂಬಿನಲ್ಲಿತ್ತೆಂದು ತೋರುತ್ತದೆ. ಹಿಂದಿನ ಪ್ರಯೋಗಗಳಲ್ಲಿ ದಿಂಬಿಟ್ಟುಕೊಳ್ಳಲು, ಊಟಕ್ಕೆ ಮೊಣಕೈಯೂರಿ ಏಳಲು ಸಡಿಲವಿರುತ್ತಿತ್ತು. 2017ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ 11 ಮಂದಿಯನ್ನು 30 ದಿನ ಮಲಗಿಸಿದಾಗ ಆ ಸಡಿಲವನ್ನೂ ಕಿತ್ತುಕೊಂಡರು. ಕೋಣೆಯ ಗಾಳಿಗೆ ಶೇಕಡ 0.5ರಷ್ಟು ಇಂಗಾಲದ ಡೈ ಆಕ್ಸೈಡನ್ನೂ ಬೆರೆಸಿದ್ದರು. ತಿಂಗಳಿನ ಕೊನೆಗೆ 5 ಮಂದಿಯಲ್ಲಿ ಬಿಲ್ಲೆಯ ಬಾವು ಕಂಡಿತು!

ಒಗಟು ಬಿಡಿಸಿತೆನ್ನುವಷ್ಟರಲ್ಲಿ ಮತ್ತೊಂದು ಗಂಟು. 2020ರಲ್ಲಿ ಎರಡು ಪಂಗಡಗಳನ್ನೂ ಹೋಲಿಸಿದಾಗ, ಬಿಲ್ಲೆಯ ಸುತ್ತಿನ ಬಾವು ಮಲಗಿದವರಲ್ಲೇ ಹೆಚ್ಚು. ಆದರೆ ಅಕ್ಷಿಪಟಲದ ಬೆನ್ನಿಗಿರುವ, ರಕ್ತನಾಳಗಳಿಂದಲೇ ನೇಯ್ದಂತಿರುವ ಕೊರಾಯ್ಡ್ ಎಂಬ ಪೊರೆ ಗಗನಯಾತ್ರಿಗಳಲ್ಲಿ ರಕ್ತದಿಂದ ಉಬ್ಬಿ ದಪ್ಪನಾಗಿತ್ತು. ಮಲಗಿದವರಲ್ಲಿ ಹಾಗೆ ಉಬ್ಬಿರಲಿಲ್ಲ. ನಾಳಗಳಲ್ಲಿ ರಕ್ತ ತುಂಬಿಕೊಂಡದ್ದೇ ಬಾವಿಗೆ ಕಾರಣವೆಂಬ ಸರಳ ವಾದ ಇಲ್ಲಿ ಕುಂಟಿತು.

ಮನೆಯಲ್ಲಿ ಮಲಗಿರುವ ಹಿರಿಯರನ್ನು ನೆನೆದು ನೀವು ಗಾಬರಿಯಾಗಬೇಕಿಲ್ಲ. ಅವರ ಮಂಚ ಓರೆಯಲ್ಲ. ತಲೆಯ ಕೆಳಗೆ ದಿಂಬೂ ಉಂಟು.

ಕೊಲೋನಿನವರು 2021ರಿಂದ ಪರಿಹಾರದ ಪರೀಕ್ಷೆಗೆ ತೊಡಗಿದರು. ಮಲಗಿದವರಲ್ಲಿ ಒಂದು ತಂಡದವರನ್ನು ದಿನಕ್ಕೆ 6 ಗಂಟೆ ಕೂಡಿಸಿದರು. ಇನ್ನೊಂದು ತಂಡದವರ ಸೊಂಟದ ಕೆಳಭಾಗವನ್ನು ಪೆಟ್ಟಿಗೆಯೊಳಗಿಟ್ಟು, ಅಲ್ಲಿಯ ಗಾಳಿಯ ಒತ್ತಡವನ್ನು ತಗ್ಗಿಸಿ, ರಕ್ತವನ್ನು ಮತ್ತೆ ಕಾಲಿನ ಕಡೆಗೆ ಸೆಳೆದು ನೋಡಿದರು.