ಎರೆಹೊಲ ಗದ್ದೆಯಾದ ಬಗೆ

ಬೀಳುಬಿದ್ದ ಎರೆಭೂಮಿಯನ್ನು ಬಿತ್ತನೆಗೆ ತರುವುದು ಸುರಪುರ, ಶಹಾಪುರ ಸೀಮೆಯ ಹಿಂದಿನ ರೈತರಿಗೆ ಒಂದೇ ಹಂಗಾಮಿನಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಜಾಲಿ ಕಡಿದು ಬೊಡ್ಡೆ ಕೀಳುವುದು ಅದರಲ್ಲಿ ಸುಲಭದ ಭಾಗ. ನಿಜವಾದ ವೈರಿಯೆಂದರೆ ಕರಿಕೆ. ಆಳಕ್ಕೆ ಬೇರಿಳಿಸುವ ಈ ಹುಲ್ಲಿನ ಒಂದು ತುಂಡು ಉಳಿದರೂ ಮರುಮಳೆಗೆ ಹೊಲವೆಲ್ಲ ಹಬ್ಬುತ್ತದೆ. ಹಗುರವಾದ ರಂಟೆ ಇದಕ್ಕೆ ಸಾಲದು. ಹಲವು ಜೋಡಿ ಎತ್ತು ಎಳೆಯುವ ಭಾರಿ ನೇಗಿಲೇ ಬೇಕು. ಬೇಸಿಗೆಯಲ್ಲಿ ಎದ್ದ ಹೆಂಟೆ ಬಿಸಿಲಿಗೆ ಕಾಯ್ದು ಬೇರು ಒಣಗಬೇಕು, ಮೊದಲ ಮಳೆಗೆ ಹೆಂಟೆ ಅರಳಬೇಕು, ಆಮೇಲೆ ಕುಂಟೆ ಹೊಡೆದು ಬೇರು ಆಯಬೇಕು. ಒಂದೇ ಜೋಡಿ ಎತ್ತಿನ ಮನೆಯವರು ಮುಯ್ಯಿಗೆ ನೆರೆಯವರನ್ನು ಕರೆಯದೆ ಗತ್ಯಂತರವಿರಲಿಲ್ಲ.

ಆಳುವವರಿಗೂ ಈ ಕಷ್ಟ ತಿಳಿದಿತ್ತು. ದಖ್ಖನಿನಲ್ಲಿ ಬಂಜರು ಒಡೆಯುವವನಿಗೆ ಕೌಲು ಬರೆದುಕೊಟ್ಟು, ಮೊದಲ ವರ್ಷಗಳ ಕಂದಾಯವನ್ನು ತಗ್ಗಿಸಿ ಕ್ರಮೇಣ ಏರಿಸುವ ಪದ್ಧತಿಯಿತ್ತು. ಅದು ಔದಾರ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವೇ. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು, 1841ರಿಂದ 1853ರವರೆಗೆ ಸಂಸ್ಥಾನದ ಮೇಲ್ವಿಚಾರಣೆಗಿದ್ದ ಮೆಡೋಸ್ ಟೇಲರ್ ಸುಧಾರಿಸಿದ. ಆದರೂ ಕೆರೆಯ ಕೆಳಗಿನ ಗದ್ದೆ ಅಂಗೈಯಷ್ಟು. ಉಳಿದುದೆಲ್ಲ ಜೋಳದ ಹೊಲ.

ಈ ಚಿತ್ರ ಬದಲಾದದ್ದು 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದ ಮೇಲೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ್ದು 1964ರಲ್ಲಿ. ಎಡದಂಡೆ ಕಾಲುವೆಯ ನೀರು ಬಂದಾಗ ರೈತನ ಮುಂದೆ ಹೊಸ ಪ್ರಶ್ನೆ ಎದ್ದಿತು. ಮಳೆಬೇಸಾಯಕ್ಕೆ ಹೊಲದ ಇಳಿಜಾರು ಒಂದು ವರ, ಹೆಚ್ಚಾದ ನೀರು ತಾನೇ ಹರಿದುಹೋಗುತ್ತದೆ. ಕಾಲುವೆ ನೀರಿಗಾದರೋ ಹೊಲ ಮಟ್ಟಸವಾಗಬೇಕು. ಬುಲ್ಡೋಜರ್ ಬಂತು. ದಿಬ್ಬ ಕೆತ್ತಿ ತಗ್ಗು ತುಂಬುವಾಗ ತಲೆಮಾರುಗಳಿಂದ ಗೊಬ್ಬರ ಉಂಡ ಮೇಲ್ಮಣ್ಣು ಅಡಿಗೆ ಹೋಗಿ, ಸುಣ್ಣದ ಹರಳಿನ ಅಡಿಮಣ್ಣು ಮೇಲೆ ಬರುತ್ತದೆ. ಮೇಲ್ಮಣ್ಣನ್ನು ಮೊದಲೇ ಬದಿಗೆ ಒಟ್ಟಿ ಕೊನೆಯಲ್ಲಿ ಹರವುವುದು ಸರಿಯಾದ ಕ್ರಮ. ಅದಕ್ಕೆ ಖರ್ಚು ಹೆಚ್ಚು. ಹಾಗೆ ಮಾಡದಿದ್ದರೆ ಕೆತ್ತಿದ ಭಾಗಕ್ಕೆ ತಿಪ್ಪೆಗೊಬ್ಬರ, ಕೆರೆಯ ಹೂಳು ಹೊತ್ತು, ಸೆಣಬು ಬಿತ್ತಿ ಹೂವಾಡುವಾಗ ಮಣ್ಣಿಗೆ ಸೇರಿಸುತ್ತ ಕೆಲವು ವರ್ಷ ಕಾಯಬೇಕು.

ಕಾಯುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಮಟ್ಟಸ ಮಾಡಿಸಲು ಹಣವಿಲ್ಲದವರು ಹೊಲವನ್ನು ಲಾವಣಿಗೆ ಕೊಟ್ಟರು, ಕೆಲವರು ಮಾರಿದರು. ಹಿಡಿದವರಲ್ಲಿ ಅನೇಕರು ಆಂಧ್ರದಿಂದ, ತುಂಗಭದ್ರಾ ಕಾಲುವೆಯ ಸೀಮೆಯಿಂದ ಬಂದವರು. ಊರ ಹೊರಗೆ ಅವರ 'ಕ್ಯಾಂಪು'ಗಳು ಎದ್ದವು. ಅವರನ್ನು ಹೊರಗಿನವರೆಂದು ದೂರುವುದು ಸುಲಭ. ಮಡಿ ಕಟ್ಟಿ ಕೆಸರು ಮಾಡುವ ವಿದ್ಯೆ ಮಾತ್ರ ಅವರ ಕೈಯಲ್ಲಿತ್ತು. ಯೋಜನೆ ಹಾಕಿದ್ದು ಜೋಳ, ಶೇಂಗಾ, ಹತ್ತಿಯಂಥ ಅಲ್ಪ ನೀರಿನ ಬೆಳೆಗಳ ಲೆಕ್ಕ. ಹೊಲಕ್ಕೆ ಇಳಿದದ್ದು ಭತ್ತ.

ನೀರು ಹಾಯಿಸಲು ತೋರಿದ ಉತ್ಸಾಹ ನೀರು ಬಸಿಯಲು ಕಾಣಲಿಲ್ಲ. ಎರೆಮಣ್ಣು ನೀರನ್ನು ಬೇಗ ಬಿಡದು. ಅಂತರ್ಜಲ ಮೇಲೇರಿ ತಗ್ಗಿನ ಹೊಲ ಜವಳಾಯಿತು, ಬಿಸಿಲಿಗೆ ಉಪ್ಪು ಮೇಲೆದ್ದು ಸವಳಾಯಿತು. ಭೀಮರಾಯನಗುಡಿಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಪಾಲಿಗೆ ಬಂದದ್ದು ಈ ಕೆಲಸವೂ ಹೌದು. ಕ್ಷಾರ ಭೂಮಿಗೆ ಜಿಪ್ಸಂ ಹಾಕಬಹುದು. ಬಸಿಗಾಲುವೆ ತೋಡದೆ ಹಾಕಿದರೆ ದುಡ್ಡು ದಂಡ.

ಭೀಮೆಯ ಆಚೆ, ಯಾದಗಿರಿಯ ಕೆಂಪು ಮಣ್ಣಿಗೆ ಈ ಕಾಟ ಕಡಿಮೆ. ಅಲ್ಲಿ ಕಲ್ಲು ಆಯುವುದೇ ದೊಡ್ಡ ದುಡಿಮೆ.

ಕಾಲುವೆಯ ಕೊನೆಯಂಚಿನ ಮಟ್ಟಸ ಹೊಲಕ್ಕೆ ನೀರು ತಲುಪದ ವರ್ಷ ಮತ್ತೆ ತೊಗರಿಯೇ ಗತಿ. ತೊಗರಿ ನಿಂತ ನೀರನ್ನು ತಾಳದು. ಬಿತ್ತುವ ಮುನ್ನ, ಸಾಲ ಮಾಡಿ ಕಟ್ಟಿಸಿದ ಬದುವನ್ನು ಒಂದು ಕಡೆ ಒಡೆದು ಮಳೆನೀರಿಗೆ ದಾರಿ ಬಿಡಬೇಕಾಗುತ್ತದೆ.