‘ಗಿವ್ ಅಪ್’ ಎಂಬ ಜೋಡುಮಾತು

ಆಂಗ್ಲಭಾಷೆಯ ‘ಗಿವ್ ಅಪ್’ ಎಂಬ ಜೋಡುಕ್ರಿಯೆಯನ್ನು ‘ಕೊಡು’, ‘ಮೇಲೆ’ ಎಂದು ಬಿಡಿಬಿಡಿಯಾಗಿ ಅರ್ಥೈಸಹೊರಟ ಶೆಟಗೇರಿಯಂಥ ಹಳ್ಳಿಯ ವಿದ್ಯಾರ್ಥಿಗೆ ವಾಕ್ಯದ ತಲೆಬುಡ ತಿಳಿಯದೆ ಹೋದರೆ ಅದು ಅವನ ದೋಷವೆನ್ನಲಾಗದು. ಸಂಸ್ಕೃತದ ‘ಹೃ’ ಧಾತುವೊಂದೇ ಉಪಸರ್ಗಬಲದಿಂದ ಆಹಾರವೂ ವಿಹಾರವೂ ಕಡೆಗೆ ಸಂಹಾರವೂ ಆಗುವುದನ್ನು ಬಲ್ಲ ನಮಗೆ ಈ ಚಮತ್ಕಾರವೇನೂ ಅಪೂರ್ವವಲ್ಲ.

ಕೋಟೆಯನ್ನೋ ಊರನ್ನೋ ಪರರ ವಶಕ್ಕೊಪ್ಪಿಸುವುದು ಈ ಮಾತಿನ ಹಳೆಯ ಅರ್ಥ. ಚಟವನ್ನು ತ್ಯಜಿಸುವುದು, ಪ್ರಯತ್ನದಲ್ಲಿ ಹತಾಶರಾಗುವುದು ನಿತ್ಯದ ಬಳಕೆ. ಕನ್ನಡವಾದರೋ ಈ ಒಂದೊಂದು ಛಾಯೆಗೂ ಬೇರೆ ಬೇರೆ ಕ್ರಿಯೆಯನ್ನಿರಿಸಿಕೊಂಡಿದೆ. ಬೀಡಿಯನ್ನು ಬಿಟ್ಟುಬಿಡುತ್ತೇವೆ, ಬಸ್ಸಿನಲ್ಲಿ ವೃದ್ಧರಿಗೆ ಜಾಗ ಬಿಟ್ಟುಕೊಡುತ್ತೇವೆ, ಬಗೆಹರಿಯದ ಲೆಕ್ಕದ ಮುಂದೆ ಕೈಚೆಲ್ಲುತ್ತೇವೆ. 1932ರ ಕರನಿರಾಕರಣ ಚಳವಳಿಯಲ್ಲಿ ಜಮೀನು ಜಪ್ತಿಯಾದರೂ ಹಟ ಬಿಡದ ಅಂಕೋಲೆಯ ರೈತರ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯುವವನು ನೆಲಕ್ಕೂ ಹಟಕ್ಕೂ ಅದೊಂದೇ ಮಾತನ್ನು ಹಚ್ಚಬಹುದು. ಭೇದವನ್ನರಿಯುವ ಹೊಣೆ ಓದುಗನದು.

ಪ್ರಯೋಗದಲ್ಲಿ ಎಡವುವ ತಾಣಗಳು ಎರಡು. ಸರ್ವನಾಮವು ನಡುವೆಯೇ ಕೂಡಬೇಕು: ‘ಗಿವ್ ಇಟ್ ಅಪ್’ ಸಾಧು, ‘ಗಿವ್ ಅಪ್ ಇಟ್’ ಅಸಾಧು. ಮುಂದೆ ಕ್ರಿಯೆ ಬಂದರೆ ‘ಗಿವ್ ಅಪ್ ಸ್ಮೋಕಿಂಗ್’ ಎನ್ನಬೇಕಲ್ಲದೆ ‘ಟು ಸ್ಮೋಕ್’ ಎನ್ನಲಾಗದು.