ಮಧುನಾಶಿನಿ ಎಲೆಯೂ ಸಕ್ಕರೆ ಕಾಯಿಲೆ ಮಾತ್ರೆಯೂ

ತಂಬೂರಿ ಹಿಡಿದು ಮಾದಪ್ಪನ ಕತೆ ಹಾಡೋಕೆ ತಾಳವಾಡಿ ಸುತ್ತ ಯಾವ ಊರಿಗೆ ಹೋದರೂ ಒಂದು ಮಾತು ಕೇಳ್ತಾರೆ: "ಅಣ್ಣೋ, ಮಾತ್ರೆ ಬಿಟ್ಟು ಮಧುನಾಶಿನಿ ಎಲೆ ತಿಂದ್ರೆ ಸಾಲ್ದಾ?" ನಾನು ಏಳನೇ ಕ್ಲಾಸು ಓದಿದ ರೈತ, ವೈದ್ಯನಲ್ಲ. ಎಲೆಗೂ ಮಾತ್ರೆಗೂ ಇರೋ ಹಳೇ ನಂಟು ಮಾತ್ರ ತಿಳಿದಷ್ಟು ಬರೀತೀನಿ.

ಮಧುನಾಶಿನಿ ಅಗಿದು ಬೆಲ್ಲ ಬಾಯಿಗೆ ಹಾಕಿ ನೋಡಿ, ಮಣ್ಣು ತಿಂದಂಗಿರುತ್ತೆ. ಇದಕ್ಕೆ ಕಾರಣವಾದ ಆಮ್ಲವನ್ನು ಎಲೆಯಿಂದ ಬೇರೆ ಮಾಡಿ 1887ರಲ್ಲಿ ಬರೆದವನು ಡೇವಿಡ್ ಹೂಪರ್. ಅವನಿದ್ದದ್ದು ನಮ್ಮ ನೆರೆಯ ಊಟಿಯಲ್ಲಿ, ಸಿಂಕೋನಾ ತೊಗಟೆ ಪರೀಕ್ಷೆ ಮಾಡೋ ಸರಕಾರಿ ಕೆಲಸದಲ್ಲಿ. ಆದರೆ ನಾಲಿಗೆಗೆ ಸಿಹಿ ತಿಳಿಯದ್ದು ಬೇರೆ, ರಕ್ತದ ಸಕ್ಕರೆ ಇಳಿಯೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡ ನಮ್ಮೂರಿನವರೊಬ್ಬರು ಮಾತ್ರೆ ಬಿಟ್ಟು, ಗಾಯ ಮಾಯದೆ ಕಾಲಿನ ಹೆಬ್ಬೆರಳು ಕಳಕೊಂಡರು. ಹಾಗಂತ ಎಲೆಯಲ್ಲಿ ಸತ್ವವಿಲ್ಲ ಅಂತಲ್ಲ. 1990ರಲ್ಲಿ ಮದರಾಸು ವಿಶ್ವವಿದ್ಯಾನಿಲಯದವರು, ಮದ್ದು ಚುಚ್ಚಿ ಕಾಯಿಲೆ ಬರಿಸಿದ ಇಲಿಗಳಿಗೆ ಇದರ ಸಾರ ಕೊಟ್ಟಾಗ ಸಕ್ಕರೆ ಇಳೀತು. ಇನ್ಸುಲಿನ್ ಚುಚ್ಚಿಸಿಕೊಳ್ಳೋ ಕೆಲವು ರೋಗಿಗಳಿಗೂ ಕೊಟ್ಟರು. ಬೇಕಾಗೋ ಇನ್ಸುಲಿನ್ ಕಡಿಮೆಯಾಯ್ತು. ಮಧುನಾಶಿನಿಯ ಪರೀಕ್ಷೆ ಇಲಿಗಳನ್ನೂ ಅಂಥ ಸಣ್ಣ ಗುಂಪುಗಳನ್ನೂ ದಾಟಿ ಬಹಳ ದೂರ ಹೋಗಿಲ್ಲ.

ಈಗ ಮಾತ್ರೆ ಕಡೆ ಬನ್ನಿ. ಸರಕಾರಿ ಆಸ್ಪತ್ರೇಲಿ ಕೊಡೋ ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ! ಯೂರೋಪಿನ ಗಲೇಗ, ನಮ್ಮ ಹುರುಳಿ ಅವರೆಯ ಕುಲದ್ದು. ಅತಿಮೂತ್ರಕ್ಕೆ ಅಲ್ಲಿನ ಹಳ್ಳಿಯವರು ಅದನ್ನೇ ಕುಡೀತಿದ್ದರು. ಅದೇ ಗಿಡ ಮೇದ ಕುರಿ ಸಾಯೋದೂ ಉಂಟು. ಅದರಲ್ಲಿರೋ ಬಗೆಯ ಗ್ವಾನಿಡಿನ್ ಪ್ರಾಣಿಗಳ ಸಕ್ಕರೆ ಇಳಿಸುತ್ತೆ ಅಂತ 1918ರಲ್ಲಿ ಗೊತ್ತಾಯ್ತು, ಆದರೆ ಅದು ವಿಷ. ಅದೇ ಜಾಡಿನ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಡಬ್ಲಿನ್‌ನಲ್ಲಿ ತಯಾರಿಸಿದರು. ಪ್ಯಾರಿಸ್ಸಿನ ಡಾಕ್ಟರ್ ಜಾನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ನಡುವೆ 35 ವರ್ಷ!

ಅದು ಒಳಗೆ ಏನು ಮಾಡ್ತದೆ? ನಮ್ಮ ಮೈಯ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಅನ್ನೋ ಸಣ್ಣ ಒಲೆಗಳಿವೆ. ತಿಂದ ಅನ್ನವನ್ನು ಉಸಿರಿನ ಗಾಳಿಯಲ್ಲಿ ಉರಿಸಿ ಕಸುವು ಕೊಡೋದು ಅವೇ. ಮೆಟ್‌ಫಾರ್ಮಿನ್ ಆ ಉರಿಯನ್ನು ತುಸು ತಗ್ಗಿಸ್ತದೆ ಅಂತ 2000ದಲ್ಲಿ ಇಲಿಯ ಪಿತ್ತಜನಕಾಂಗದ ಕೋಶಗಳಲ್ಲಿ ಕಂಡರು. ಕಸುವು ಸಾಲದ ಪಿತ್ತಜನಕಾಂಗ ಹೊಸ ಸಕ್ಕರೆ ಮಾಡೋದನ್ನು ಕಡಿಮೆ ಮಾಡುತ್ತೆ ಅನ್ನೋದು ಒಂದು ವಿವರಣೆ. ಇದರ ಅಣ್ಣತಮ್ಮನಂಥ ಫೆನ್‌ಫಾರ್ಮಿನ್ ಒಲೆಯನ್ನೇ ಜೋರಾಗಿ ಅದುಮಿ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜನ ಸತ್ತರು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಅದನ್ನು ಹಿಂತೆಗೆದರು. ಆ ಅನುಮಾನ ಮೆಟ್‌ಫಾರ್ಮಿನ್ ಮೇಲೂ ಬಿತ್ತು. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1994ರ ಕೊನೆಗೆ.